ಸರ್ವರ್ ತಂತ್ರಾಂಶದ ಸಹಿ ಕೀಲಿ: ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಗಮನಿಸಬೇಕಾದ ಸಂಗತಿ

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರ ಕೈಗಾರಿಕಾ ಪ್ರದೇಶಗಳಲ್ಲಾಗಲಿ, ಕುಣಿಗಲ್ ಸಮೀಪದ ಅಂಚೇಪಾಳ್ಯದಲ್ಲಾಗಲಿ, ಗುಬ್ಬಿಯ ಅಡಿಕೆ ಹಾಗೂ ತೆಂಗಿನ ವಹಿವಾಟಿನ ಮಂಡಿಗಳಲ್ಲಾಗಲಿ, ಲೆಕ್ಕಪತ್ರಗಳು ಕೆಂಪು ರಟ್ಟಿನ ಖಾತೆ ಪುಸ್ತಕಗಳಿಂದ ಗಣಕಯಂತ್ರಕ್ಕೆ ಬಂದು ಬಹಳ ವರ್ಷಗಳಾದವು. ಈಗ ನಡೆಯುತ್ತಿರುವುದು ಎರಡನೆಯ ಸ್ಥಳಾಂತರ. ಗುಮಾಸ್ತರ ಮೇಜಿನ ಮೇಲಿನ ಒಂದೇ ಯಂತ್ರದಲ್ಲಿದ್ದ ಲೆಕ್ಕವು ಕಚೇರಿ, ಗೋದಾಮು, ಕಾರ್ಖಾನೆಯ ಗೇಟು ಈ ಮೂರೂ ಕಡೆಗಳಿಂದ ಏಕಕಾಲಕ್ಕೆ ಬಳಸಬಹುದಾದ ಸರ್ವರ್‌ಗೆ ಹೋಗುತ್ತಿದೆ. ಕಾನೂನು ಸಹ ಅದೇ ದಿಕ್ಕಿಗೆ ತಳ್ಳುತ್ತಿದೆ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವರ್ತಕರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಕಂಪನಿಗಳ ಮಟ್ಟಿಗೆ 2023ರ ಏಪ್ರಿಲ್ 1ರಿಂದ ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ದಾಖಲಿಸುವ ಲೆಕ್ಕಪತ್ರ ತಂತ್ರಾಂಶವನ್ನೇ ಬಳಸಬೇಕು. 2022ರ ಆಗಸ್ಟ್‌ನ ತಿದ್ದುಪಡಿಯಂತೆ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಕಾಯ್ದಿರಿಸಬೇಕು.

ಸರ್ವರ್ ಎಂದೊಡನೆ ಬಹಳಷ್ಟು ಕಡೆ ಬರುವುದು ಲಿನಕ್ಸ್. ಪರವಾನಗಿ ಶುಲ್ಕವಿಲ್ಲ ಎಂಬುದು ಅದರ ಮೊದಲ ಆಕರ್ಷಣೆ. ಮುಂಬಯಿಯ ಫ್ರಾಪೆ ಸಂಸ್ಥೆಯ ಇಆರ್‌ಪಿನೆಕ್ಸ್ಟ್‌ನಂತಹ ಮುಕ್ತ ತಂತ್ರಾಂಶವನ್ನು ಅದರ ಮೇಲೆ ಅಳವಡಿಸಿದರೆ ದಾಸ್ತಾನು, ಖರೀದಿ, ಮಾರಾಟ, ಸಂಬಳ ಎಲ್ಲವೂ ಒಂದೇ ಸೂರಿನಡಿ ಬರುತ್ತವೆ. ಆದರೆ ಆ ಒಂದು ತಂತ್ರಾಂಶ ನಡೆಯಬೇಕಾದರೆ ಮಾರಿಯಾಡಿಬಿ ಎಂಬ ದತ್ತಾಂಶ ಕೋಶ, ರೆಡಿಸ್, ನೋಡ್.ಜೆಎಸ್ ಮುಂತಾದ ಬೇರೆ ಬೇರೆ ತಯಾರಕರ ಸಾಮಗ್ರಿಗಳು ಬೇಕು. ಬೆಂಗಳೂರಿನಿಂದ ಬಂದ ತಂತ್ರಜ್ಞರೋ, ಊರಿನಲ್ಲೇ ಇಂಜಿನಿಯರಿಂಗ್ ಓದಿದ ಯುವಕರೋ ಅರ್ಧ ದಿನ ಕುಳಿತು ಕಪ್ಪು ಪರದೆಯ ಮೇಲೆ ಸಾಲು ಸಾಲು ಆದೇಶಗಳನ್ನು ನೀಡಿ ಇವೆಲ್ಲವನ್ನೂ ಅಂತರ್ಜಾಲದಿಂದ ಇಳಿಸಿಕೊಂಡು, ಕೆಲಸ ಮುಗಿಸಿ, ಬಿಲ್ಲು ಕೊಟ್ಟು ಹೋಗುತ್ತಾರೆ. ಬಿಲ್ಲಿನ ಹಣ ಪಾವತಿಸುವ ಮಾಲೀಕರು ಆ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತಿರುವುದು ಅಪರೂಪ.

ಆ ಸಾಲುಗಳ ನಡುವೆ ಒಂದು ಸಾಲು, ಕೆಲವೇ ಕಿಲೋಬೈಟ್ ಗಾತ್ರದ ಒಂದು ಚಿಕ್ಕ ಕಡತವನ್ನು ತಂದು ಸರ್ವರ್‌ನಲ್ಲಿ ಇರಿಸುತ್ತದೆ. ಅದನ್ನೇ ಸಹಿ ಕೀಲಿ ಎನ್ನುತ್ತಾರೆ. ಮುಂದೆ ಹಲವು ವರ್ಷಗಳ ಕಾಲ ಆ ಸರ್ವರ್ ಯಾರು ಕಳುಹಿಸಿದ ತಂತ್ರಾಂಶವನ್ನು ಸ್ವೀಕರಿಸಬೇಕು, ಯಾರದನ್ನು ತಿರಸ್ಕರಿಸಬೇಕು ಎಂಬುದು ಆ ಕಡತದಿಂದಲೇ ನಿರ್ಧಾರವಾಗುತ್ತದೆ. ಅದು ಎಲ್ಲಿಂದ ಬಂತು, ಅಸಲಿಯೇ ಎಂದು ನೋಡಿದವರು ಯಾರು ಎಂದು ಕೇಳಿದರೆ ಬಹುತೇಕ ಸಂಸ್ಥೆಗಳಲ್ಲಿ ಉತ್ತರವಿರುವುದಿಲ್ಲ.

ಸಹಿ ಮತ್ತು ಮಾದರಿ ಸಹಿ

ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಈ ವಿಷಯ ಹೊಸದೇನಲ್ಲ. ಚೆಕ್ಕು ಬಂದಾಗ ಬ್ಯಾಂಕಿನ ಸಿಬ್ಬಂದಿ ಅದರ ಮೇಲಿನ ಸಹಿಯನ್ನು ತಮ್ಮಲ್ಲಿರುವ ಮಾದರಿ ಸಹಿಯೊಂದಿಗೆ ಹೋಲಿಸುತ್ತಾರೆ. ಸಹಿ ಹೊಂದಿದರೆ ಹಣ, ಇಲ್ಲವಾದರೆ ಚೆಕ್ಕು ವಾಪಸು. ಇಲ್ಲಿ ಭದ್ರತೆಯೆಲ್ಲ ನಿಂತಿರುವುದು ಮಾದರಿ ಸಹಿಯ ಮೇಲೆ. ಖಾತೆ ತೆರೆದ ದಿನ ಖಾತೆದಾರರೇ ಖುದ್ದಾಗಿ ಬಂದು, ಗುರುತಿನ ದಾಖಲೆ ತೋರಿಸಿ, ಅಧಿಕಾರಿಯ ಎದುರಿನಲ್ಲಿ ಹಾಕಿದ ಸಹಿ ಅದು. ಹಾಗಲ್ಲದೆ, ಚೆಕ್ಕು ತಂದ ವ್ಯಕ್ತಿಯೇ ಅದೇ ಲಕೋಟೆಯಲ್ಲಿ ಮಾದರಿ ಸಹಿಯ ಕಾರ್ಡನ್ನೂ ತಂದು, ಇದರೊಂದಿಗೆ ಹೋಲಿಸಿಕೊಳ್ಳಿ ಎಂದರೆ ಯಾವ ಬ್ಯಾಂಕೂ ಒಪ್ಪುವುದಿಲ್ಲ. ಎರಡು ಸಹಿಗಳೂ ತಪ್ಪದೆ ಹೊಂದುತ್ತವೆ, ಏಕೆಂದರೆ ಎರಡನ್ನೂ ಹಾಕಿದ ಕೈ ಒಂದೇ.

ತಂತ್ರಾಂಶದ ಪೊಟ್ಟಣವನ್ನು ಚೆಕ್ಕು ಎಂದು ಭಾವಿಸಿದರೆ, ಸಹಿ ಕೀಲಿಯೇ ಮಾದರಿ ಸಹಿಯ ಕಾರ್ಡು. ಪೊಟ್ಟಣ ಬಂದ ತಾಣದಿಂದಲೇ, ಅದೇ ಹೊತ್ತಿನಲ್ಲಿ, ಯಾವ ಪರಿಶೀಲನೆಯೂ ಇಲ್ಲದೆ ಕೀಲಿಯನ್ನೂ ತಂದುಕೊಂಡರೆ ಆ ಬಳಿಕ ನಡೆಯುವ ಹೋಲಿಕೆಯು ಕೇವಲ ಶಾಸ್ತ್ರ.

ಈ ಸಹಿಯ ಗಣಿತವೂ ವರ್ತಕರಿಗೆ ಪರೋಕ್ಷವಾಗಿ ಪರಿಚಿತವೇ. 2000ನೇ ಇಸವಿಯ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 3ನೇ ಕಲಮು ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ನೀಡಿತು. 2006ರಲ್ಲಿ ಕಂಪನಿ ವ್ಯವಹಾರಗಳ ಮಂತ್ರಾಲಯದ ಎಂಸಿಎ-21 ಯೋಜನೆ ಬಂದಾಗ ದಾಖಲೆಗಳಿಗೆ ಸಹಿ ಮಾಡುವ ನಿರ್ದೇಶಕರು ಡಿಜಿಟಲ್ ಸಹಿಯ ಟೋಕನ್ ಕೊಳ್ಳಬೇಕಾಯಿತು. ಅದರಲ್ಲಿ ಎರಡು ಕೀಲಿಗಳಿರುತ್ತವೆ. ಖಾಸಗಿ ಕೀಲಿ ಸಹಿ ಮಾಡಲು. ಅದು ಒಡೆಯನ ಬಳಿ ಮಾತ್ರ ಇರತಕ್ಕದ್ದು. ಸಾರ್ವಜನಿಕ ಕೀಲಿ ಸಹಿಯನ್ನು ಪರೀಕ್ಷಿಸಲು. ಅದು ಯಾರ ಬಳಿಯಾದರೂ ಇರಬಹುದು. (ಖಾಸಗಿ ಕೀಲಿಯನ್ನು ಎಚ್ಚರದಿಂದ ತನ್ನ ಹತೋಟಿಯಲ್ಲೇ ಇಟ್ಟುಕೊಳ್ಳುವುದು ಸಹಿದಾರನ ಹೊಣೆ ಎಂದು ಅದೇ ಅಧಿನಿಯಮದ 42ನೇ ಕಲಮು ಹೇಳುತ್ತದೆ. ಆದರೂ ಹತ್ತಾರು ಕಕ್ಷಿದಾರರ ಟೋಕನ್‌ಗಳು ಗುಪ್ತಪದದ ಚೀಟಿಯ ಸಮೇತ ತೆರಿಗೆ ಸಲಹೆಗಾರರ ಮೇಜಿನ ಡ್ರಾಯರಿನಲ್ಲಿ ಇರುವ ಪದ್ಧತಿ ಎಲ್ಲರಿಗೂ ತಿಳಿದದ್ದೇ. ಲೆಕ್ಕಪರಿಶೋಧಕ ವೃತ್ತಿಯವರು ಈ ಬಗ್ಗೆ ಇನ್ನಷ್ಟು ಖಡಾಖಂಡಿತವಾಗಿ ನಡೆದುಕೊಳ್ಳಬಹುದಿತ್ತು.)

ಆದರೆ ಒಂದು ಮುಖ್ಯ ವ್ಯತ್ಯಾಸವುಂಟು. ನಿರ್ದೇಶಕರ ಡಿಜಿಟಲ್ ಸಹಿಯ ಹಿಂದೆ ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಯೊಂದಿರುತ್ತದೆ; ಬೆಂಗಳೂರಿನ ಇಮುದ್ರ ಅಂತಹ ಒಂದು ಸಂಸ್ಥೆ. ಅದರ ಮೇಲೆ ಕೇಂದ್ರ ಸರ್ಕಾರದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರಿದ್ದಾರೆ. ಪ್ಯಾನ್, ಆಧಾರ್, ವಿಡಿಯೋ ಪರಿಶೀಲನೆ ಎಲ್ಲವೂ ಆದ ಮೇಲೆಯೇ ಕೀಲಿ ಕೈಗೆ ಬರುತ್ತದೆ. ಲಿನಕ್ಸ್ ತಂತ್ರಾಂಶಗಳ ಸಹಿ ಕೀಲಿಗಳ ಮೇಲೆ ಅಂತಹ ಯಾವ ಸರ್ಕಾರಿ ಅಧಿಕಾರಿಯೂ ಇಲ್ಲ. ಫಿಲ್ ಜಿಮ್ಮರ್‌ಮನ್ 1991ರಲ್ಲಿ ಹೊರತಂದ ಪಿಜಿಪಿ ಎಂಬ ತಂತ್ರಾಂಶದಿಂದ ಬೆಳೆದುಬಂದ ಈ ಪದ್ಧತಿಯಲ್ಲಿ ಯಾರು ಬೇಕಾದರೂ, ಯಾವ ಹೆಸರಿನಲ್ಲಿ ಬೇಕಾದರೂ, ಒಂದೇ ನಿಮಿಷದಲ್ಲಿ ಕೀಲಿ ತಯಾರಿಸಬಹುದು. ಕೀಲಿಯ ಮೇಲೆ ಪ್ರಸಿದ್ಧ ಕಂಪನಿಯ ಹೆಸರು ಬರೆದಿದೆ ಎಂಬ ಕಾರಣಕ್ಕೆ ಅದು ಆ ಕಂಪನಿಯದಾಗುವುದಿಲ್ಲ. ಕೀಲಿಯ ಮಟ್ಟಿಗೆ ಸಬ್ ರಿಜಿಸ್ಟ್ರಾರ್ ಕಚೇರಿ ಇಲ್ಲ. ಪರಿಶೀಲಿಸುವ ಹೊಣೆ ಕೊಳ್ಳುವವನದೇ.

ಸರ್ವರ್‌ನೊಳಗೆ ನಡೆಯುವುದೇನು

ತಂತ್ರಾಂಶದ ತಯಾರಕರು ತಮ್ಮ ಪೊಟ್ಟಣಗಳನ್ನೆಲ್ಲ ಒಂದು ಭಂಡಾರದಲ್ಲಿ ಇರಿಸುತ್ತಾರೆ. ಭಂಡಾರಕ್ಕೆ ಒಂದು ಸೂಚಿಪಟ್ಟಿ ಇರುತ್ತದೆ. ಪ್ರತಿ ಪೊಟ್ಟಣದ ಎದುರು ಅದರ ಒಳಗಿನ ಅಕ್ಷರ ಅಕ್ಷರವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಪಡೆದ 64 ಅಂಕಿ-ಅಕ್ಷರಗಳ ಒಂದು ಮೊತ್ತ ನಮೂದಾಗಿರುತ್ತದೆ. ಲೆಕ್ಕಪರಿಶೋಧನೆಯಲ್ಲಿ ಹಳಬರು ಬಳಸುತ್ತಿದ್ದ ಹ್ಯಾಶ್ ಟೋಟಲ್‌ನ ಬಹಳ ಬಲಿಷ್ಠ ರೂಪವಿದು. ಪೊಟ್ಟಣದಲ್ಲಿ ಒಂದು ಬಿಂದು ಬದಲಾದರೂ ಮೊತ್ತ ಪೂರ್ತಿ ಬೇರೆಯಾಗುತ್ತದೆ. ಸೂಚಿಪಟ್ಟಿಗೆ ತಯಾರಕರು ತಮ್ಮ ಖಾಸಗಿ ಕೀಲಿಯಿಂದ ಸಹಿ ಮಾಡುತ್ತಾರೆ. ಸರ್ವರ್ ತನ್ನಲ್ಲಿರುವ ಸಾರ್ವಜನಿಕ ಕೀಲಿಯಿಂದ ಆ ಸಹಿಯನ್ನು ಪರೀಕ್ಷಿಸಿ, ಬಳಿಕ ಸೂಚಿಯ ಮೊತ್ತವನ್ನು ಪೊಟ್ಟಣದ ಮೊತ್ತದೊಂದಿಗೆ ತಾಳೆ ನೋಡಿ, ಆಮೇಲೆಯೇ ಒಳಗೆ ಬಿಡುತ್ತದೆ. ಡೆಬಿಯನ್ ಲಿನಕ್ಸ್‌ನಲ್ಲಿ 2007ರ 4.0 ಆವೃತ್ತಿಯಿಂದ ಈ ಏರ್ಪಾಡು ಇದೆ. ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ಪ್ರತಿ ಪೊಟ್ಟಣದ ಮೇಲೆಯೇ ಸಹಿ ಇರುತ್ತದೆ.

ಲಿನಕ್ಸ್‌ನ ಸ್ವಂತ ಭಂಡಾರದ ಕೀಲಿಗಳು ಅಳವಡಿಕೆಯ ಮೂಲ ಪ್ರತಿಯ ಜೊತೆಗೇ ಬಂದಿರುತ್ತವೆ. ತೊಂದರೆ ಪ್ರಾರಂಭವಾಗುವುದು ಹೊರಗಿನ ಭಂಡಾರವನ್ನು ಸೇರಿಸುವಾಗ. ಲಿನಕ್ಸ್ ಕೊಡುವ ಆವೃತ್ತಿ ಹಳೆಯದಾಯಿತು, ಹೊಸದೇ ಬೇಕು ಎಂದಾಗ ದತ್ತಾಂಶ ಕೋಶಕ್ಕೊಂದು, ಕಾಯ್ದಿರಿಸುವ ತಂತ್ರಾಂಶಕ್ಕೊಂದು ಹೀಗೆ ಹೊರಗಿನ ಭಂಡಾರಗಳು ಸೇರುತ್ತವೆ; ಪ್ರತಿಯೊಂದಕ್ಕೂ ಒಂದೊಂದು ಕೀಲಿ ಬೇಕು. ಇಲ್ಲೊಂದು ಮಾತನ್ನು ನೆನಪಿನಲ್ಲಿಡಬೇಕು. ಲಿನಕ್ಸ್‌ನಲ್ಲಿ ಪೊಟ್ಟಣದ ಅಳವಡಿಕೆ ನಡೆಯುವುದು ಸರ್ವರ್‌ನ ಸರ್ವಾಧಿಕಾರ ಹೊಂದಿದ ಖಾತೆಯ ಹೆಸರಿನಲ್ಲಿ. ಅಂದರೆ, ಕೀಲಿಯ ಒಡೆಯರು ಯಾರೋ ಅವರಿಗೆ ಗ್ರಾಹಕರ ಪಟ್ಟಿ, ಬ್ಯಾಂಕ್ ವಿವರ, ಸಂಬಳದ ಪಟ್ಟಿ, ಕಾಯ್ದಿರಿಸಿದ ಪ್ರತಿಗಳು ಎಲ್ಲವನ್ನೂ ತಲುಪುವ ದಾರಿ ತೆರೆದುಕೊಟ್ಟಂತೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಬಳಿಕ, ಬಿಡಿಭಾಗಗಳ ಕೆಲಸದತ್ತ ನೋಡುತ್ತಿರುವ ಘಟಕಗಳಿಗೆ ಇದು ಇನ್ನಷ್ಟು ಅನ್ವಯಿಸುತ್ತದೆ. ಅಂತಹ ಕೆಲಸದಲ್ಲಿ ಸರ್ವರ್‌ನಲ್ಲಿರುವ ನಕ್ಷೆ ಗ್ರಾಹಕರ ಸ್ವತ್ತು. ಅದು ಸೋರಿದರೆ ಕೈತಪ್ಪುವುದು ಒಂದು ಆರ್ಡರು ಮಾತ್ರವಾಗಿರುವುದಿಲ್ಲ.

ಕೀಲಿ ಬರುವ ದಾರಿ

ಸಾಮಾನ್ಯವಾಗಿ ಕೀಲಿಯನ್ನು ತಯಾರಕರ ಜಾಲತಾಣದಿಂದ ಎಚ್‌ಟಿಟಿಪಿಎಸ್ ಮೂಲಕ, ಅಂದರೆ ವಿಳಾಸದ ಪಕ್ಕದಲ್ಲಿ ಬೀಗದ ಚಿಹ್ನೆ ಕಾಣುವ ಭದ್ರ ಮಾರ್ಗದ ಮೂಲಕ ತರಲಾಗುತ್ತದೆ. ದಾರಿಯಲ್ಲಿ ಯಾರೂ ಬದಲಿಸಲಾರರು ಎಂಬ ಭರವಸೆಯನ್ನು ಅದು ಬಹುಮಟ್ಟಿಗೆ ಕೊಡುತ್ತದೆ. ಪೂರ್ತಿಯಾಗಿ ಅಲ್ಲ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 2014ರ ಜುಲೈನಲ್ಲಿ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ, ಅಂದರೆ ಎನ್‌ಐಸಿಯ, ಪ್ರಮಾಣೀಕರಣ ವ್ಯವಸ್ಥೆಯಿಂದ ಗೂಗಲ್‌ನ ವಿಳಾಸಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿರುವುದನ್ನು ಗೂಗಲ್ ಪತ್ತೆಹಚ್ಚಿತು. ಅವುಗಳನ್ನು ಹಿಡಿದವರು ಗೂಗಲ್‌ನ ವೇಷ ಧರಿಸಬಹುದಿತ್ತು. ಪರದೆಯಲ್ಲಿ ಬೀಗದ ಚಿಹ್ನೆ ಎಂದಿನಂತೆಯೇ ಕಾಣುತ್ತಿತ್ತು. ನಿಯಂತ್ರಕರು ಮರುದಿನವೇ ಎನ್‌ಐಸಿಯ ಪ್ರಮಾಣಪತ್ರಗಳನ್ನು ರದ್ದುಪಡಿಸಿದರು. ಬಳಿಕ ಗೂಗಲ್ ತನ್ನ ಕ್ರೋಮ್‌ನಲ್ಲಿ ಭಾರತದ ನಿಯಂತ್ರಕರ ಪ್ರಮಾಣಪತ್ರಗಳ ವ್ಯಾಪ್ತಿಯನ್ನು ಸರ್ಕಾರಿ ವಿಳಾಸಗಳು ಮುಂತಾದ ಕೆಲವಕ್ಕೆ ಮಾತ್ರ ಸೀಮಿತಗೊಳಿಸಿತು.

ದಾರಿ ಭದ್ರವಾಗಿದ್ದು ಮನೆಯೇ ಕಳ್ಳರ ವಶವಾದರೆ ಏನಾಗುತ್ತದೆ ಎಂಬುದು 2016ರ ಫೆಬ್ರವರಿ 20ರಂದು ಗೊತ್ತಾಯಿತು. ಲಿನಕ್ಸ್ ಮಿಂಟ್ ಎಂಬ ಜನಪ್ರಿಯ ಲಿನಕ್ಸ್‌ನ ಜಾಲತಾಣಕ್ಕೆ ನುಗ್ಗಿದವರು, ಹಿಂಬಾಗಿಲು ಸೇರಿಸಿದ ಪ್ರತಿಯತ್ತ ಬಳಕೆದಾರರನ್ನು ತಿರುಗಿಸಿದರು. ತಾಳೆ ನೋಡಲು ಪುಟದಲ್ಲಿ ಕೊಟ್ಟಿದ್ದ ಮೊತ್ತವನ್ನೂ ಬದಲಿಸಿದ್ದರೆಂದು ವರದಿಯಾಯಿತು. ತಾಳೆ ನೋಡಿದವರಿಗೂ ಎಲ್ಲವೂ ಸರಿಯಾಗಿಯೇ ಕಂಡಿರಬೇಕು. ಲಕೋಟೆಯಲ್ಲೇ ಮಾದರಿ ಸಹಿ ಬಂದ ಪ್ರಕರಣವೆಂದರೆ ಇದೇ.

ಚಿನ್ನದ ವರ್ತಕರು ಈ ವಿಷಯವನ್ನು ಬೇಗ ಗ್ರಹಿಸುತ್ತಾರೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಂಕಿ-ಅಕ್ಷರಗಳ ಎಚ್‌ಯುಐಡಿ ಸಂಖ್ಯೆ ಇರಲೇಬೇಕು. ಗ್ರಾಹಕರು ಅದನ್ನು ಪರೀಕ್ಷಿಸುವುದು ಭಾರತೀಯ ಮಾನಕ ಬ್ಯೂರೋದ ಆಪ್‌ನಲ್ಲಿ. ಅಂಗಡಿಯವರು ಕೊಟ್ಟ ಚೀಟಿಯಲ್ಲಿ ಅಲ್ಲ. ಇ-ಇನ್‌ವಾಯ್ಸ್‌ನ ಕ್ಯೂಆರ್ ಚಿತ್ರವೂ ಹಾಗೆಯೇ. ಅದರೊಳಗೆ ಇನ್‌ವಾಯ್ಸ್ ನೋಂದಣಿ ಪೋರ್ಟಲ್‌ನ ಡಿಜಿಟಲ್ ಸಹಿ ಇರುತ್ತದೆ. ಪೀಣ್ಯದ ಸರಬರಾಜುದಾರರ ಬಿಲ್ಲಿನ ಮೇಲೆ ಚೌಕಾಕಾರದ ಚಿತ್ರವೊಂದು ಇದ್ದ ಮಾತ್ರಕ್ಕೆ ಹೂಡುವಳಿ ತೆರಿಗೆ ಜಮೆ ನಿಶ್ಚಿತವಾಗುವುದಿಲ್ಲ. ಅಧಿಕೃತ ಆಪ್‌ನಿಂದ ನೋಡಿದಾಗಲೇ ಆ ಸಹಿ ನಿಜವೇ ಎಂಬುದು ತಿಳಿಯುತ್ತದೆ. ಪರೀಕ್ಷಿಸುವ ಸಾಧನ ಬೇರೆ ದಾರಿಯಿಂದ ಬರಬೇಕು ಎಂಬ ತತ್ವ ಇವೆಲ್ಲದರಲ್ಲೂ ಒಂದೇ.

ಕೀಲಿಯ ವಿಷಯದಲ್ಲಿ ಆ ಬೇರೆ ದಾರಿ ಎಂದರೆ ಕೀಲಿಯ ಬೆರಳಗುರುತು, ತಂತ್ರಜ್ಞರ ಮಾತಿನಲ್ಲಿ ಫಿಂಗರ್‌ಪ್ರಿಂಟ್. ಈಗ ಬಳಕೆಯಲ್ಲಿರುವ ಬಹುತೇಕ ಕೀಲಿಗಳಲ್ಲಿ ಇದು 40 ಅಂಕಿ-ಅಕ್ಷರಗಳು, ನಾಲ್ಕು ನಾಲ್ಕರಂತೆ ಹತ್ತು ಗುಂಪು. ತಂದ ಕೀಲಿಯ ಬೆರಳಗುರುತನ್ನು ಜಿಪಿಜಿ ಎಂಬ ಉಚಿತ ತಂತ್ರಾಂಶ ಪರದೆಯ ಮೇಲೆ ತೋರಿಸುತ್ತದೆ. ಅದನ್ನು ತಯಾರಕರ ಕೈಪಿಡಿಯಲ್ಲಿ ಪ್ರಕಟವಾದುದರೊಂದಿಗೆ, ಸಾಧ್ಯವಾದರೆ ಬೇರೆ ಯಂತ್ರದಿಂದ, ಕಚೇರಿಯದಲ್ಲದ ಮೊಬೈಲ್ ಸಂಪರ್ಕದಿಂದ ತೆರೆದು ಹೋಲಿಸಬೇಕು. ಮಿಂಟ್ ಪ್ರಕರಣದಲ್ಲಾದಂತೆ ಪ್ರಕಟಿಸಿದ ಪುಟವೇ ಬದಲಾಗಿದ್ದೀತು ಎಂಬ ಶಂಕೆಗೆ, ಹಳೆಯ ಕೈಪಿಡಿಯ ಪ್ರತಿ, ತಯಾರಕರ ಹಿಂದಿನ ಪ್ರಕಟಣೆ, ಅದೇ ತಂತ್ರಾಂಶವನ್ನು ಮೊದಲೇ ಬಳಸುತ್ತಿರುವ ಮತ್ತೊಂದು ಸಂಸ್ಥೆಯ ಸರ್ವರ್ ಇವುಗಳಲ್ಲಿ ಒಂದನ್ನಾದರೂ ಸಾಕ್ಷಿಯಾಗಿ ಇಟ್ಟುಕೊಳ್ಳಬಹುದು. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ಒಬ್ಬರು ಓದುತ್ತಾ ಹೋಗುವುದು, ಮತ್ತೊಬ್ಬರು ಟಿಕ್ ಹಾಕುವುದು. ವರ್ಷಾಂತ್ಯದ ದಾಸ್ತಾನು ಪಟ್ಟಿಯನ್ನು ತಾಳೆ ನೋಡುವ ಗುಮಾಸ್ತರಿಗೆ ಎರಡು ನಿಮಿಷದ ಕೆಲಸ.

ಇಪ್ಪತ್ತನೆಯ ತಾರೀಖಿನ ಅವಸರ

ಅನುಭವದಲ್ಲಿ ಕೀಲಿಯ ಬಗ್ಗೆ ಅಜಾಗರೂಕತೆ ಉಂಟಾಗುವುದು ಮೊದಲ ಅಳವಡಿಕೆಯ ದಿನಕ್ಕಿಂತ ಹೆಚ್ಚಾಗಿ, ಏನೋ ಕೆಟ್ಟು ನಿಂತ ದಿನ. ಜಿಎಸ್‌ಟಿಆರ್-3ಬಿ ಸಲ್ಲಿಕೆಗೆ ತಿಂಗಳ 20ನೇ ತಾರೀಖು ಕೊನೆಯ ದಿನ ಎಂದಿಟ್ಟುಕೊಂಡರೆ, 19ರ ಸಂಜೆ ಸರ್ವರ್ ನವೀಕರಣ ಅರ್ಧಕ್ಕೆ ನಿಂತು, ಸಾರ್ವಜನಿಕ ಕೀಲಿ ದೊರೆಯಲಿಲ್ಲ, ಸಹಿಯನ್ನು ಪರಿಶೀಲಿಸಲಾಗಲಿಲ್ಲ ಎಂಬ ಸಂದೇಶ ಬರುತ್ತದೆ. ತಂತ್ರಜ್ಞರು ದೂರವಾಣಿಯಲ್ಲಿ ಸಿಗುವುದಿಲ್ಲ. ಆಗ ಕಚೇರಿಯ ಹುಡುಗರು ಆ ಸಂದೇಶವನ್ನೇ ಅಂತರ್ಜಾಲದಲ್ಲಿ ಹುಡುಕಿ, ಯಾರೋ ಅಪರಿಚಿತರು ಬರೆದ ಒಂದು ಸಾಲನ್ನು ಹಾಗೆಯೇ ಎತ್ತಿ ಅಂಟಿಸುತ್ತಾರೆ. ಸಂದೇಶ ಮಾಯವಾಗುತ್ತದೆ, ಕೆಲಸ ಸಾಗುತ್ತದೆ, ರಿಟರ್ನ್ ಸಲ್ಲಿಕೆಯಾಗುತ್ತದೆ.

ಆ ಒಂದು ಸಾಲು ಮಾಡಿದ್ದೇನು ಎಂದು ನೋಡಿದರೆ, ಹಲವು ವೇಳೆ ಅದು ಸಹಿಯ ಪರೀಕ್ಷೆಯನ್ನೇ ಆ ಭಂಡಾರದ ಮಟ್ಟಿಗೆ ನಿಲ್ಲಿಸಿರುತ್ತದೆ. ನೋಜಿಪಿಜಿಚೆಕ್, ಟ್ರಸ್ಟೆಡ್ ಯೆಸ್ ಎಂಬ ಪದಗಳು ಆದೇಶದಲ್ಲಿ ಕಂಡುಬಂದರೆ ಅದರ ಅರ್ಥ ಅಷ್ಟೇ: ಗೇಟಿನ ಕಾವಲುಗಾರನನ್ನು ಮನೆಗೆ ಕಳುಹಿಸಲಾಗಿದೆ. ಇನ್ನು ಕೆಲವು ವೇಳೆ ಅದು ಕೀಲಿಗಳ ಸಾರ್ವಜನಿಕ ಕೋಶವೊಂದರಿಂದ ಎಂಟು ಅಕ್ಷರಗಳ ಸಂಖ್ಯೆಯನ್ನು ಹೇಳಿ ಕೀಲಿ ತರಿಸಿರುತ್ತದೆ. ಹಳೆಯ ಮಾದರಿಯ ಕೋಶಗಳಲ್ಲಿ ಯಾರು ಬೇಕಾದರೂ ಯಾರ ಹೆಸರಿನ ಕೀಲಿಯನ್ನಾದರೂ ಸೇರಿಸಬಹುದಿತ್ತು. ಎಂಟು ಅಕ್ಷರಗಳ ಸಂಖ್ಯೆಯೆಂದರೆ ಪೂರ್ಣ ಬೆರಳಗುರುತಿನ ಕೊನೆಯ ತುಂಡು. ಅದರಲ್ಲಿ ಸುಮಾರು 429 ಕೋಟಿ ಭಿನ್ನ ಸಂಖ್ಯೆಗಳು ಮಾತ್ರ ಸಾಧ್ಯ. ದೊಡ್ಡದೆನಿಸಿದರೂ ಗಣಕಯಂತ್ರಕ್ಕೆ ಇದು ಕ್ಷಣಗಳ ಕೆಲಸ. ಅದೇ ಎಂಟು ಅಕ್ಷರ ಬರುವಂತೆ ನಕಲಿ ಕೀಲಿಯನ್ನು ಸುಲಭವಾಗಿ ತಯಾರಿಸಬಹುದೆಂದು 2014ರಲ್ಲಿ ಸಂಶೋಧಕರು ಮಾಡಿ ತೋರಿಸಿದರು. 2016ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಹೆಸರಿನಲ್ಲೇ ಅಂತಹ ನಕಲಿ ಕೀಲಿ ಕೋಶಗಳಲ್ಲಿ ಕಾಣಿಸಿಕೊಂಡಿತ್ತು. ಹಳೆಯ ಕೋಶಗಳ ಜಾಲ 2021ರಲ್ಲಿ ಮುಚ್ಚಿತು. ಆದರೂ ಅವುಗಳನ್ನು ಹೆಸರಿಸುವ ಹಳೆಯ ಸಲಹೆಗಳು ಇಂದಿಗೂ ಅಂತರ್ಜಾಲದಲ್ಲಿ ಉಳಿದಿವೆ.

ಕೀಲಿ ಸಿಗಲಿಲ್ಲವೆಂಬ ಸಂದೇಶಕ್ಕೆ ಅನೇಕ ವೇಳೆ ನಿರುಪದ್ರವ ಕಾರಣವೂ ಇರುತ್ತದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಕೀಲಿಗಳಿಗೆ ಅವಧಿ ಇರುತ್ತದೆ. 2022ರ ಫೆಬ್ರವರಿಯಲ್ಲಿ ಮೈಎಸ್‌ಕ್ಯೂಎಲ್ ದತ್ತಾಂಶ ಕೋಶದ ಹಳೆಯ ಸಹಿ ಕೀಲಿಯ ಅವಧಿ ಮುಗಿದು, ಅನೇಕ ಕಡೆ ಅಳವಡಿಕೆಗಳು ನಿಂತುಹೋದವು. 2025ರ ಏಪ್ರಿಲ್‌ನಲ್ಲಿ ಕಾಲಿ ಲಿನಕ್ಸ್ ತಂಡದವರು ತಮ್ಮ ಸಹಿ ಕೀಲಿ ಕೈತಪ್ಪಿತೆಂದು ಹೇಳಿ, ಬಳಕೆದಾರರೆಲ್ಲರೂ ಹೊಸ ಕೀಲಿಯನ್ನು ತಂದುಕೊಳ್ಳಬೇಕೆಂದು ಪ್ರಕಟಿಸಿದರು. ನಕಲಿ ಕೀಲಿ ಹಂಚುವವರು ಕಾದಿರುವುದೂ ಇಂತಹ ಹೊತ್ತಿಗೇ ಎಂದು ಭಾವಿಸಿ ನಡೆದುಕೊಳ್ಳುವುದು ಲೇಸು. ಅವಧಿ ಮುಗಿಯುವ ದಿನಾಂಕ ಕೀಲಿಯಲ್ಲೇ ಬರೆದಿರುತ್ತದೆ. ವಾಹನದ ವಿಮೆ, ಅಗ್ನಿಶಾಮಕದ ನಿರಾಕ್ಷೇಪಣಾ ಪತ್ರ, ತೂಕದ ಯಂತ್ರದ ಮುದ್ರೆ ಇವುಗಳ ದಿನಾಂಕ ಬರೆದಿಡುವ ಡೈರಿಯಲ್ಲಿ ಇದಕ್ಕೂ ಒಂದು ಸಾಲು ಸಾಕು.

ಯಾವ ಕೀಲಿ ಯಾವ ಬಾಗಿಲಿಗೆ

ಇನ್ನೊಂದು ದೋಷ ಬಹುಕಾಲ ಗಮನಕ್ಕೆ ಬಾರದೆ ಉಳಿದಿತ್ತು. ಡೆಬಿಯನ್ ಮತ್ತು ಉಬುಂಟು ಲಿನಕ್ಸ್‌ಗಳಲ್ಲಿ ಆಪ್ಟ್-ಕೀ ಎಂಬ ಹಳೆಯ ಆದೇಶದಿಂದ ಸೇರಿಸಿದ ಕೀಲಿಯು ಒಂದೇ ಗೊಂಚಲಿಗೆ ಸೇರುತ್ತಿತ್ತು. ಆ ಗೊಂಚಲಿನ ಯಾವ ಕೀಲಿಯಾದರೂ ಯಾವ ಭಂಡಾರಕ್ಕಾದರೂ ಸಹಿ ಹಾಕಬಹುದಿತ್ತು. ಮುದ್ರಣಯಂತ್ರದ ಚಾಲಕ ತಂತ್ರಾಂಶಕ್ಕೆಂದು ಸೇರಿಸಿದ ಕೀಲಿಯ ಒಡೆಯರು, ಅವಕಾಶ ದೊರೆತರೆ, ಸರ್ವರ್‌ನ ಮೂಲ ವ್ಯವಸ್ಥೆಯ ಪೊಟ್ಟಣಗಳಿಗೂ ಸಹಿ ಮಾಡಬಹುದಿತ್ತು. ಚಿಲ್ಲರೆ ಖರ್ಚಿನ ಖಾತೆಗೆ ಗುಮಾಸ್ತರ ಸಹಿಯನ್ನು ಕೊಟ್ಟಿದ್ದು, ಬ್ಯಾಂಕು ಅದೇ ಸಹಿಗೆ ಓವರ್‌ಡ್ರಾಫ್ಟ್ ಖಾತೆಯಿಂದಲೂ ಹಣ ಕೊಟ್ಟಂತೆ. 2020ರಲ್ಲಿ ಈ ಆದೇಶವನ್ನು ಕೈಬಿಡುವ ನಿರ್ಧಾರವಾಗಿ, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅದು ಇಲ್ಲವಾಗಿದೆ. ಈಗಿನ ಪದ್ಧತಿಯಲ್ಲಿ ಪ್ರತಿ ಕೀಲಿಯನ್ನು ಬೇರೆ ಕಡತದಲ್ಲಿಟ್ಟು, ಸೈನ್ಡ್-ಬೈ ಎಂಬ ಸಾಲಿನ ಮೂಲಕ ಈ ಭಂಡಾರಕ್ಕೆ ಈ ಕೀಲಿ ಮಾತ್ರ ಎಂದು ಗೊತ್ತುಪಡಿಸಲಾಗುತ್ತದೆ.

ಸಹಿ ಸರಿಯಿದ್ದೂ ಸರಕು ಕೆಟ್ಟಾಗ

ಕೀಲಿಯ ಪರಿಶೀಲನೆ ಎಲ್ಲ ರೋಗಕ್ಕೂ ಮದ್ದೆಂದು ಹೇಳುವುದು ಸತ್ಯಕ್ಕೆ ದೂರ. ಸಹಿಯು ಸರಕು ಯಾರಿಂದ ಬಂತು ಎಂಬುದನ್ನು ತಿಳಿಸುತ್ತದೆಯೇ ಹೊರತು, ಸರಕು ಒಳ್ಳೆಯದೆಂದು ಹೇಳುವುದಿಲ್ಲ. 2008ರ ಆಗಸ್ಟ್‌ನಲ್ಲಿ ರೆಡ್ ಹ್ಯಾಟ್ ಕಂಪನಿಯ ವ್ಯವಸ್ಥೆಗೆ ನುಗ್ಗಿದವರು ಕೆಲವು ಪೊಟ್ಟಣಗಳಿಗೆ ಕಂಪನಿಯ ಸಹಿಯನ್ನೇ ಹಾಕಿಸಿಕೊಂಡಿದ್ದರು. 2020ರ ಡಿಸೆಂಬರ್‌ನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ಸುಮಾರು 18,000 ಗ್ರಾಹಕರಿಗೆ ತಲುಪಿದ ಕಲುಷಿತ ನವೀಕರಣದ ಮೇಲೆ ಅಸಲಿ ಸಹಿಯೇ ಇತ್ತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರೊಯಿಂಡ್ ಎಂಬ ಇಂಜಿನಿಯರ್, ಸರ್ವರ್‌ಗೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಏಕೆ ಎಂದು ಬೆನ್ನುಹತ್ತಿ, ಎಕ್ಸ್‌ಜಡ್ ಎಂಬ ಚಿಕ್ಕ ತಂತ್ರಾಂಶದಲ್ಲಿ ಅದರ ನಿರ್ವಾಹಕರಲ್ಲೊಬ್ಬರೇ ಹೂಳಿದ್ದ ಹಿಂಬಾಗಿಲನ್ನು ಹೊರತೆಗೆದರು. ಅದು ಆಗಿನ್ನೂ ಪ್ರಯೋಗದ ಆವೃತ್ತಿಗಳಿಗೆ ಮಾತ್ರ ತಲುಪಿತ್ತು. ವ್ಯಾಪಾರದ ಸರ್ವರ್‌ಗೆ ಹೊಚ್ಚಹೊಸದು ಬೇಡ, ಸ್ಥಿರ ಆವೃತ್ತಿಯೇ ಸಾಕು ಎಂದು ಹಳಬರು ಹೇಳುವುದಕ್ಕೆ ಇದಕ್ಕಿಂತ ಸಮರ್ಥನೆ ಬೇಕಿಲ್ಲ.

ಲೆಕ್ಕಪತ್ರದವರು ಮರೆಯಬಾರದ ಪ್ರಕರಣ 2017ರ ಜೂನ್ 27ರದು. ಉಕ್ರೇನ್ ದೇಶದ ವ್ಯಾಪಾರಿಗಳು ತೆರಿಗೆ ಲೆಕ್ಕಕ್ಕೆ ವ್ಯಾಪಕವಾಗಿ ಬಳಸುತ್ತಿದ್ದ ಎಂ.ಇ.ಡಾಕ್ ಎಂಬ ತಂತ್ರಾಂಶದ ನವೀಕರಣ ವ್ಯವಸ್ಥೆಗೆ ಕನ್ನ ಹಾಕಿದವರು, ಅದರ ಮೂಲಕವೇ ನಾಟ್‌ಪೆಟ್ಯಾ ಎಂಬ ವಿನಾಶಕಾರಿ ತಂತ್ರಾಂಶವನ್ನು ಹರಡಿದರು. ತೆರಿಗೆ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಿದ್ದೇ ಆ ವರ್ತಕರು ಮಾಡಿದ ಕೆಲಸ. ಡೆನ್ಮಾರ್ಕಿನ ಹಡಗು ಕಂಪನಿ ಮೆರ್ಸ್ಕ್ 4,000 ಸರ್ವರ್ ಮತ್ತು 45,000 ಗಣಕಯಂತ್ರಗಳನ್ನು ಹತ್ತು ದಿನಗಳಲ್ಲಿ ಮತ್ತೆ ಮೊದಲಿನಿಂದ ಸಿದ್ಧಪಡಿಸಬೇಕಾಯಿತು. ಅದರ ನಷ್ಟ 25ರಿಂದ 30 ಕೋಟಿ ಡಾಲರ್ ಎಂಬ ಅಂದಾಜಿತ್ತು. ಅದೇ ಬಳಗದವರು ನಡೆಸುತ್ತಿದ್ದ ನವಿ ಮುಂಬಯಿಯ ಜವಾಹರಲಾಲ್ ನೆಹರೂ ಬಂದರಿನ ಟರ್ಮಿನಲ್ ಕೂಡ ಸ್ಥಗಿತಗೊಂಡಿತು.

ಇಂತಹ ಅನಾಹುತದಲ್ಲಿ ಕೈಹಿಡಿಯುವುದು ಕಾಯ್ದಿರಿಸಿದ ಪ್ರತಿ ಮಾತ್ರ, ಅದೂ ಸರ್ವರ್‌ಗೆ ಸದಾ ಜೋಡಿಸಿಡದ ಪ್ರತಿ. ಕಾನೂನಿನ ಕಡೆಯಿಂದ ನೋಡಿದರೆ, ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂತಹ ಘಟನೆ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು, ಸರ್ವರ್‌ನ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು. ಸಣ್ಣ ಉದ್ಯಮಗಳಿಗೆ ಇದು 2022ರ ಸೆಪ್ಟೆಂಬರ್ 25ರಿಂದ ಅನ್ವಯವಾಗಿದೆ. ಯಾವ ಭಂಡಾರದಿಂದ, ಯಾವ ಕೀಲಿಯ ಆಧಾರದ ಮೇಲೆ, ಏನನ್ನು ಅಳವಡಿಸಲಾಗಿತ್ತು ಎಂಬ ಬರಹ ಇಲ್ಲದ ಸಂಸ್ಥೆಯು ಆರು ಗಂಟೆಯಲ್ಲಿ ವರದಿಯಲ್ಲಿ ಏನನ್ನು ಬರೆದೀತು?

ಕಾರ್ಯಾದೇಶದಲ್ಲಿ ಬರೆಯಬೇಕಾದದ್ದು

ಸರ್ವರ್ ಅಳವಡಿಕೆಯ ಕಾರ್ಯಾದೇಶ ಕೊಡುವಾಗ ದರ, ಅವಧಿ, ವಾರಂಟಿಯ ಜೊತೆಗೆ ಮೂರು ವಾಕ್ಯ ಹೆಚ್ಚಾಗಿ ಸೇರಿಸಿದರೆ ತಂತ್ರಜ್ಞರಿಗೆ ಹೊರೆಯೇನೂ ಆಗದು. ಹೊರಗಿನ ಭಂಡಾರ ಸೇರಿಸುವ ಮುನ್ನ ತಿಳಿಸತಕ್ಕದ್ದು. ಕೀಲಿಯ ಪೂರ್ಣ ಬೆರಳಗುರುತನ್ನು ಸಂಸ್ಥೆಯ ಸಿಬ್ಬಂದಿಯೊಬ್ಬರ ಎದುರು ಹೋಲಿಸಿ ತೋರಿಸತಕ್ಕದ್ದು. ಸಹಿಯ ಪರೀಕ್ಷೆಯನ್ನು ಯಾವ ಕಾರಣಕ್ಕೂ ನಿಲ್ಲಿಸತಕ್ಕದ್ದಲ್ಲ. ಒಳ್ಳೆಯ ತಂತ್ರಜ್ಞರು ಇದನ್ನು ಸಂತೋಷದಿಂದಲೇ ಒಪ್ಪುತ್ತಾರೆ. ಒಪ್ಪದವರಿಗೆ ಕೊಡುವ ದರದ ಬಗ್ಗೆ ಮಾಲೀಕರು ಮತ್ತೊಮ್ಮೆ ಯೋಚಿಸಬಹುದು.

ಹೋಲಿಸಿದ ವಿವರವನ್ನು ಬರೆದಿಡಲು ಸಾಮಾನ್ಯ ರಿಜಿಸ್ಟರ್ ಸಾಕು. ತಂತ್ರಾಂಶದ ಹೆಸರು, ಭಂಡಾರದ ವಿಳಾಸ, 40 ಅಕ್ಷರದ ಬೆರಳಗುರುತು, ಅದನ್ನು ಎಲ್ಲೆಲ್ಲಿ ನೋಡಿ ಹೋಲಿಸಲಾಯಿತು, ದಿನಾಂಕ, ಹೋಲಿಸಿದ ಇಬ್ಬರ ಸಹಿ, ಕೀಲಿಯ ಅವಧಿ ಮುಗಿಯುವ ದಿನ. ರಿಜಿಸ್ಟರ್ ಆ ಸರ್ವರ್‌ನಲ್ಲೇ ಕಡತವಾಗಿ ಇರಬಾರದು. ಕಾಗದದ ಮೇಲಿದ್ದರೆ ಉತ್ತಮ. ಎರಡನೆಯ ಸರ್ವರ್ ಕೊಂಡಾಗ, ಕೀಲಿ ಬದಲಾದಾಗ, ತಂತ್ರಜ್ಞರು ಬದಲಾದಾಗ ಹಿಂದಿನ ಪುಟವೇ ಮಾದರಿ ಸಹಿಯ ಕಾರ್ಡಿನ ಕೆಲಸ ಮಾಡುತ್ತದೆ.

ಈಗಾಗಲೇ ನಡೆಯುತ್ತಿರುವ ಸರ್ವರ್‌ಗಳ ವಿಷಯ ಉಳಿಯಿತು. ಉಬುಂಟು 22.04 ಆವೃತ್ತಿಯನ್ನು ಬಳಸುತ್ತಿರುವ ಸಂಸ್ಥೆಗಳಿಗೆ ತಯಾರಕರ ಸಾಮಾನ್ಯ ಬೆಂಬಲ 2027ರಲ್ಲಿ ಮುಗಿಯುತ್ತದೆ. ಹೊಸ ಆವೃತ್ತಿಗೆ ಹೋಗುವಾಗ ಆಪ್ಟ್-ಕೀ ಕಾಲದ ಗೊಂಚಲನ್ನು ಹೇಗಿದ್ದರೂ ಬಿಚ್ಚಬೇಕಾಗುತ್ತದೆ. ಆ ಕೆಲಸವನ್ನು ರಿಟರ್ನ್‌ಗಳ ಗಡುವಿನ ವಾರದಲ್ಲಿ ಇಟ್ಟುಕೊಳ್ಳದೆ, ತಿಂಗಳ 25ರ ನಂತರದ ಒಂದು ದಿನಕ್ಕೆ ಗೊತ್ತುಪಡಿಸಿ, ಇರುವ ಕೀಲಿಗಳ ಪಟ್ಟಿಯನ್ನು ಮೊದಲು ಮುದ್ರಿಸಿ, ಯಾರಿಗೂ ಗುರುತು ಸಿಗದ ಕೀಲಿಗಳನ್ನು ತೆಗೆದುಹಾಕಿ, ಉಳಿದವುಗಳ ಬೆರಳಗುರುತನ್ನು ಒಂದೊಂದಾಗಿ ಹೋಲಿಸಿ ರಿಜಿಸ್ಟರ್‌ನ ಮೊದಲ ಪುಟಕ್ಕೆ ಏರಿಸಬಹುದು.